ಅರಿಶಿನ–ಸುಣ್ಣದ ‘ಮ್ಯಾಜಿಕ್’ ಬಣ್ಣ ಮಕ್ಕಳಿಗೆ ಸುರಕ್ಷಿತವೇ?

ಅರಿಶಿನಕ್ಕೆ ಎಲೆಯಡಿಕೆಯ ಸುಣ್ಣ ಬೆರೆಸಿ ಕೆಂಪು ಬಣ್ಣ ಮಾಡುವ ಆಟ, ಎರಡೂ ಮನೆಯ ವಸ್ತುಗಳೇ ಆದ್ದರಿಂದ ಅಪಾಯವಿಲ್ಲ ಎಂದು ಹಲವರು ನಂಬುತ್ತಾರೆ. ಇದು ಅರ್ಧಸತ್ಯ.

ಬಣ್ಣ ಬದಲಾಗುವುದು ನಿಜ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಾಗುತ್ತದೆ, ನಿಂಬೆರಸ ಹಾಕಿದರೆ ಮತ್ತೆ ಹಳದಿಯಾಗುತ್ತದೆ. ಆದರೆ ಒದ್ದೆ ಸುಣ್ಣ ಪ್ರಬಲ ಕ್ಷಾರ. ಅದರ ಪಿಎಚ್ ಸುಮಾರು 12. ಕಣ್ಣಿಗೆ ಸಿಡಿದರೆ ಕಾರ್ನಿಯಾ ಸುಟ್ಟು ದೃಷ್ಟಿಯೇ ಹೋಗಬಹುದು. ಸುಣ್ಣದ ಪೊಟ್ಟಣ ಒಡೆದು ಮಕ್ಕಳ ಕಣ್ಣಿಗೆ ಹೀಗೆ ಗಾಯವಾದ ಪ್ರಕರಣಗಳನ್ನು ಭಾರತದ ನೇತ್ರತಜ್ಞರು ದಾಖಲಿಸಿದ್ದಾರೆ.

ನಾವು ಸೂಚಿಸುವುದು ಅಡುಗೆ ಸೋಡಾ. ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ. ಸೋಡಾ ನೀರಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮಕ್ಕಳು ಚಿತ್ರ ಬರೆಯಲಿ, ಗೆರೆಗಳು ಕೆಂಗಂದಾಗುತ್ತವೆ.

ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ತಕ್ಷಣ ಕನಿಷ್ಠ 20 ನಿಮಿಷ ಶುದ್ಧ ನೀರು ಹರಿಸಿ ತೊಳೆಯಿರಿ, ನಂತರ ಕೂಡಲೇ ಕಣ್ಣಿನ ವೈದ್ಯರ ಬಳಿ ಹೋಗಿ.