ಕಣಗಿಲೆ ಅಂದ್ರೆ ಯಾವ ಕಣಗಿಲೆ? ಸಸಿ ತರುವ ಮುನ್ನ ಗುರುತು ಹಿಡಿಯೋದು ಹೀಗೆ

ನರ್ಸರಿಗೆ ಹೋಗಿ ‘ಕಣಗಿಲೆ ಸಸಿ ಕೊಡಿ’ ಅಂದ್ರೆ ನಾಲ್ಕು ಬೇರೆ ಬೇರೆ ಗಿಡಗಳಲ್ಲಿ ಯಾವುದು ಬೇಕಾದರೂ ಕೈಗೆ ಬರಬಹುದು. ಕಣಗಿಲೆ, ಹಳದಿ ಕಣಗಿಲೆ, ದೇವಕಣಗಿಲೆ, ಕಾಶಿ ಕಣಗಿಲೆ. ಸಸ್ಯಶಾಸ್ತ್ರದ ಲೆಕ್ಕದಲ್ಲೂ ನಾಲ್ಕೂ ಒಂದೇ ಕುಟುಂಬದವು, ಹೆಸರಿಟ್ಟ ಹಿರಿಯರ ಕಣ್ಣು ತಪ್ಪಿಲ್ಲ. ಆದರೆ ಮೊದಲ ಎರಡು ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷದ ಗಿಡಗಳು. ಮಕ್ಕಳು, ದನ-ಕುರಿ ಇರುವ ಮನೆಯವರು ವ್ಯತ್ಯಾಸ ತಿಳಿದಿರಲೇಬೇಕು.

ಹೆದ್ದಾರಿ ಡಿವೈಡರ್‌ನಲ್ಲಿ ಗುಲಾಬಿ, ಬಿಳಿ ಹೂ ಬಿಟ್ಟು ನಿಂತಿರೋದೇ ಅಸಲಿ ಕಣಗಿಲೆ. ಶಿವಪೂಜೆಗೆ ಏರಿಸುವುದೂ ಇದನ್ನೇ. ಎಲೆ ಉದ್ದ, ಕಿರಿದು, ದಪ್ಪ. ಒಂದೇ ಗಿಣ್ಣಿನಿಂದ ಸಾಮಾನ್ಯವಾಗಿ ಮೂರು ಎಲೆ ಹೊರಡುತ್ತವೆ, ಇದು ಗಟ್ಟಿ ಗುರುತು. ಬೆಳೆಸೋದು ಸುಲಭ: ಮಳೆ ಶುರುವಾದಾಗ 6-8 ಇಂಚಿನ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ. ಬಿಸಿಲು ಚೆನ್ನಾಗಿ ಬೇಕು, ನೆರಳಲ್ಲಿ ಬರೀ ಎಲೆ. ಹೂವು ಹೊಸ ಚಿಗುರಿನ ತುದಿಯಲ್ಲಿ ಬರುವುದರಿಂದ ಒಂದು ಸುತ್ತು ಹೂ ಮುಗಿದ ಮೇಲೆ ಸವರಿ. ಚಿಗುರಿಗೆ ಹಳದಿ ಹೇನು ಮುತ್ತಿದರೆ ಪೈಪ್ ನೀರು ಜೋರಾಗಿ ಬಿಟ್ಟರೆ ಸಾಕು.

ಸವರಿದ ಮೇಲಿನ ಕೆಲಸವೇ ಮುಖ್ಯ. ಹಸಿ ಎಲೆ ಕಹಿ, ದನ ಸಾಮಾನ್ಯವಾಗಿ ಮುಟ್ಟಲ್ಲ. ಆದರೆ ಒಣಗಿದರೂ ವಿಷ ಹೋಗಲ್ಲ, ಒಣಗಿದ್ದು ಮೇವಿನ ಜೊತೆ ಸೇರಿದರೆ ದನ ಗೊತ್ತಾಗದೆ ತಿಂದುಬಿಡುತ್ತವೆ. ಸವರಿದ್ದನ್ನು ಹಿತ್ತಲಲ್ಲಿ ರಾಶಿ ಹಾಕಬೇಡಿ, ಸುಡಲೂಬೇಡಿ, ಹೊಗೆಯೂ ಒಳ್ಳೇದಲ್ಲ. ದನ ಮೇಯದ ಕಡೆ ಗುಂಡಿ ತೆಗೆದು ಹೂಳಿ.

ಹಳದಿ ಕಣಗಿಲೆಯ ಹೂವು ಗಂಟೆಯಾಕಾರ, ಎಲೆ ಒಂದೊಂದೇ, ಮುರಿದರೆ ಹಾಲು ಸುರಿಯುತ್ತದೆ. ಭಯ ಇರೋದು ಕಾಯಿಯಲ್ಲಿ. ಹಸಿರಿದ್ದು ಕಪ್ಪಾಗುವ ಈ ಕಾಯಿಯೊಳಗಿನ ಗಟ್ಟಿ ಗೊರಟೆ ಮಕ್ಕಳಿಗೆ ಆಟದ ಸಾಮಾನು. ಒಳಗಿನ ಬೀಜದಲ್ಲೇ ವಿಷ ಹೆಚ್ಚು. ಚಿಕ್ಕ ಮಕ್ಕಳಿರುವ ಮನೆಗೆ ಈ ಗಿಡ ಬೇಡವೇ ಬೇಡ. ಬೇಲಿಗೆ ದಾಸವಾಳ ಇದೆಯಲ್ಲ!

ದೇವಕಣಗಿಲೆಯನ್ನು ಗುರುತಿಸೋಕೆ ಕಷ್ಟವಿಲ್ಲ. ದಪ್ಪ ಮೆದು ಕೊಂಬೆ, ತುದಿಯಲ್ಲಿ ಮಾತ್ರ ದೊಡ್ಡ ಎಲೆ, ಘಮಘಮ ಹೂವು. ಎಲೆ ತುದಿ ಚೂಪಾಗಿದ್ದರೆ ಚಳಿಗಾಲದಲ್ಲಿ ಎಲೆ ಉದುರಿಸುವ ಜಾತಿ. ಗುಂಡಾಗಿದ್ದರೆ ಬಹುಪಾಲು ವರ್ಷವಿಡೀ ಹಸಿರು. ಬೋಳಾದ ಗಿಡ ಸತ್ತಿತು ಅಂತ ಕಿತ್ತು ಎಸೆಯುವವರಿದ್ದಾರೆ, ಪಾಪ. ಬೇಸಿಗೆಯಲ್ಲಿ ಒಂದೂವರೆ ಅಡಿ ಕೊಂಬೆ ಕಡಿದು, ವಾರ ನೆರಳಲ್ಲಿಟ್ಟು ಹಾಲು ಒಣಗಿಸಿ, ಮರಳು ಹೆಚ್ಚಿರುವ ಮಣ್ಣಿಗೆ ನೆಡಿ. ಬೇರು ಬರೋವರೆಗೂ ನೀರು ಕಮ್ಮಿ, ಜಾಸ್ತಿ ಆದ್ರೆ ಬುಡ ಕೊಳೆಯುತ್ತದೆ. ಹಾಲು ಚರ್ಮಕ್ಕೆ ಉರಿ ತರಬಹುದು, ಕಣ್ಣಿಗೆ ತಾಗಿಸಬೇಡಿ.

ಕಾಶಿ ಕಣಗಿಲೆ ಅಂದ್ರೆ ನಿತ್ಯಪುಷ್ಪ, ಮಡಗಾಸ್ಕರ್‌ನಿಂದ ಬಂದ ಮೊಣಕಾಲೆತ್ತರದ ಗಿಡ. ಬೀಜ ಬಿದ್ದಲ್ಲಿ ತಾನೇ ಹುಟ್ಟುತ್ತದೆ. ಕುಂಡದಲ್ಲಿ ನೀರು ನಿಂತರೆ ಮಾತ್ರ ಮಳೆಗಾಲ ದಾಟಲ್ಲ. ಇದರಿಂದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ತೆಗೆಯುವುದು ನಿಜ. ಆದರೆ ಅದು ಶುದ್ಧೀಕರಿಸಿ, ಅಳತೆ ನೋಡಿ ಡಾಕ್ಟರ್ ಕೊಡುವಂಥದ್ದು. ‘ಶುಗರ್‌ಗೆ ಕಣಗಿಲೆ ಎಲೆ ತಿನ್ನಿ’ ಅಂತ ವಾಟ್ಸಾಪ್‌ನಲ್ಲಿ ಬಂದದ್ದು ನಂಬಿ ಯಾರೋ ಮೊದಲನೇ ಕಣಗಿಲೆಯ ಎಲೆ ಅಗಿದರೆ ಗತಿಯೇನು? ಕಾಶಿ ಕಣಗಿಲೆ ಎಲೆಯೂ ತಿನ್ನೋ ಸೊಪ್ಪಲ್ಲ.

ಇವುಗಳಲ್ಲಿ ಯಾವುದನ್ನಾದರೂ ಮಗು ಬಾಯಿಗೆ ಹಾಕಿಕೊಂಡರೆ ಮನೆಮದ್ದು, ಉಪ್ಪುನೀರು ಅಂತ ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸಲು ಹೋಗಬೇಡಿ. ದನಕರುಗಳಿಗಾದರೆ 1962. ಆಸ್ಪತ್ರೆಗೆ ಹೊರಡುವಾಗ ಅದೇ ಗಿಡದ ಎಲೆ, ಕಾಯಿ ಇರುವ ರೆಂಬೆಯೊಂದನ್ನು ಕವರ್‌ನಲ್ಲಿ ಹಾಕಿಕೊಂಡು ಹೋಗಿ. ಬರೀ ‘ಕಣಗಿಲೆ’ ಅಂದ್ರೆ ಡಾಕ್ಟರಿಗೂ ಯಾವುದು ಅಂತ ತಿಳಿಯಲ್ಲ.