ಯಂತ್ರವನ್ನು ಹಡೆಯುವ ಯಂತ್ರ: ಬೈಕುಲ್ಲಾದಿಂದ ಹರಿಹರದವರೆಗೆ

ಮುಂಬಯಿಯ ಕೈಗಾರಿಕೆಯ ಇತಿಹಾಸವನ್ನು ಬರೆದವರೆಲ್ಲರೂ ಬಹುಮಟ್ಟಿಗೆ ಹತ್ತಿಯ ಗಿರಣಿಯಿಂದಲೇ ಆರಂಭಿಸುತ್ತಾರೆ. ಅದು ಸಹಜವೂ ಹೌದು. 1854ರಲ್ಲಿ ಕಾವಸ್‌ಜಿ ನಾನಾಭಾಯಿ ದಾವರ್ ಅವರು ಸ್ಥಾಪಿಸಿದ ನೂಲಿನ ಗಿರಣಿ 1856ರಲ್ಲಿ ಕೆಲಸಕ್ಕೆ ತೊಡಗಿತು. ಆ ಶತಮಾನ ಮುಗಿಯುವ ಹೊತ್ತಿಗೆ ನಗರದಲ್ಲಿ ಸುಮಾರು 80 ಗಿರಣಿಗಳು ಎದ್ದುನಿಂತಿದ್ದುವು. ಆದರೆ ಅವುಗಳ ಕದಿರು, ಮಗ್ಗ, ಉಗಿಯಂತ್ರಗಳು ಹಡಗಿನಲ್ಲಿ ಬಂದಿಳಿದುವು. ನೂಲನ್ನು ತೆಗೆಯುವ ಯಂತ್ರ ಇಲ್ಲಿ ನೆಲೆನಿಂತಿತು. ಆ ಯಂತ್ರವನ್ನು ಹಡೆಯುವ ಯಂತ್ರ ಮಾತ್ರ ಇಲ್ಲಿ ಬೇರೂರಲಿಲ್ಲ. ಅದು ಬೇರುಬಿಟ್ಟುದು ಹರಿಹರ, ಬೆಂಗಳೂರುಗಳಲ್ಲಿ. ಹೀಗೇಕಾಯಿತೆಂಬುದು ವಿಚಾರಾರ್ಹವಾದ ಸಂಗತಿ.

ಮೊದಲು ಈ ಯಂತ್ರದ ಸ್ವರೂಪವನ್ನು ತಿಳಿಯಬೇಕು. ಲೋಹವನ್ನು ಕೊರೆಯುವುದಕ್ಕೆ ಹರಿತವಾದ ಉಳಿಯೊಂದಿದ್ದರೆ ಸಾಲದು. ಉಳಿಯನ್ನು ಅಲುಗದಂತೆ ಹಿಡಿಯುವವರು ಯಾರು, ಕೊರೆಯಬೇಕಾದ ಲೋಹವನ್ನು ಅದರ ಮುಂದೆ ಒಡ್ಡುವವರು ಯಾರು ಎಂಬ ಎರಡು ಪ್ರಶ್ನೆಗಳಲ್ಲಿಯೇ ಇದರ ಇತಿಹಾಸವೆಲ್ಲ ಅಡಗಿದೆ. ಮೊದಲನೆಯದಕ್ಕೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೆ 1800ರ ಸುಮಾರಿಗೆ ಸಮರ್ಪಕವಾದ ಉತ್ತರವನ್ನು ಕೊಟ್ಟನು. ಟರ್ನರನ ಕೈಯಲ್ಲಿದ್ದ ಉಳಿಯನ್ನು ಆತ ಲೇತಿನ ಮೇಲೆಯೇ ಜಾರುವ ಕಬ್ಬಿಣದ ಪೀಠಕ್ಕೆ ಬಿಗಿದು, ತಿರುಪಿನಿಂದ ಮುಂದಕ್ಕೆ ಸರಿಯುವಂತೆ ಮಾಡಿದನು. ಅಂದಿನಿಂದ ಅಳತೆಯು ಕೈಚಳಕದ ಮಾತಾಗಿ ಉಳಿಯದೆ ತಿರುಪಿನ ಮಾತಾಯಿತು.

ಮಾರ್ಕ್ ಬ್ರುನೆಲ್‌ನ ಯೋಜನೆಯಂತೆ ಅದೇ ಮಾಡ್ಸ್‌ಲೆ ಪೋರ್ಟ್ಸ್‌ಮತ್ ನೌಕಾಂಗಣಕ್ಕೆ ರಾಟೆಗಳನ್ನು ತಯಾರಿಸುವ ಯಂತ್ರಸಾಲೆಯೊಂದನ್ನು ಕಟ್ಟಿಕೊಟ್ಟನು. 1808ರ ಹೊತ್ತಿಗೆ ಅಲ್ಲಿ ವರ್ಷಕ್ಕೆ 1,30,000 ರಾಟೆಗಳು ಸಿದ್ಧವಾಗುತ್ತಿದ್ದುವು. 110 ಮಂದಿ ಕುಶಲಕರ್ಮಿಗಳ ಕೆಲಸವನ್ನು 10 ಮಂದಿ ಸಾಮಾನ್ಯ ಆಳುಗಳು ಮಾಡುತ್ತಿದ್ದರು. ಸರಿಸುಮಾರು ಅದೇ ಕಾಲದಲ್ಲಿ ಮುಂಬಯಿಯ ನೌಕಾಂಗಣದಲ್ಲಿ ವಾಡಿಯಾ ಮನೆತನದವರು ಅದೇ ಬ್ರಿಟಿಷ್ ನೌಕಾಪಡೆಗಾಗಿ ತೇಗದ ಹಡಗುಗಳನ್ನು ಕಟ್ಟುತ್ತಿದ್ದರು. 1817ರಲ್ಲಿ ಇಲ್ಲಿ ನೀರಿಗಿಳಿದ ಟ್ರಿಂಕೋಮಲಿ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ನಮ್ಮ ಬಡಗಿಗಳ ಕೈಗಾರಿಕೆ ಅವರದಕ್ಕಿಂತ ಕೀಳಾಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಅಲ್ಲಿ ಕೈಯ ವಿದ್ಯೆ ಯಂತ್ರಕ್ಕೆ ಇಳಿಯಿತು. ಇಲ್ಲಿ ಕೈಯಲ್ಲಿಯೇ ಉಳಿಯಿತು.

ಎರಡನೆಯ ಪ್ರಶ್ನೆಗೆ ಉತ್ತರ ಬಂದುದು ಅಮೆರಿಕದಿಂದ. 1873ರಲ್ಲಿ ಕ್ರಿಸ್ಟೋಫರ್ ಸ್ಪೆನ್ಸರನು ತಾನಾಗಿಯೇ ಕೆಲಸಮಾಡುವ ಲೇತಿಗೆ ಪೇಟೆಂಟ್ ಪಡೆದನು. ಕಬ್ಬಿಣದ ಸಲಾಕೆ ತಾನಾಗಿ ಮುಂದೆ ಬರುವುದು, ಚಕ್ಕು ಅದನ್ನು ಹಿಡಿಯುವುದು, ಉಳಿಗಳು ಒಂದಾದ ಮೇಲೊಂದು ಸರದಿಯಂತೆ ತಿರುಗಿ ಎದುರಾಗುವುದು, ಸಿದ್ಧವಾದ ತಿರುಪು ಕೆಳಗೆ ಬೀಳುವುದು, ಇಷ್ಟನ್ನೂ ಉಬ್ಬುಪಟ್ಟಿಗಳನ್ನು ಜೋಡಿಸಿದ ಒಂದು ಉರುಳೆ ನಡೆಸುತ್ತಿತ್ತು. ದುರ್ದೈವವೆಂದರೆ, ಪೇಟೆಂಟಿನಲ್ಲಿ ಆ ಉರುಳೆಯ ಹಕ್ಕೇ ಬಿಟ್ಟುಹೋಗಿತ್ತು! ಕಾಗದಪತ್ರಗಳ ನಡುವೆಯೇ ಬಾಳು ಸವೆಸುವ ನನ್ನಂಥವರಿಗೆ ಈ ಕಥೆಯ ಮರ್ಮ ಬೇಗನೆ ತಟ್ಟುತ್ತದೆ.

ಇನ್ನು ಮುಂಬಯಿಗೆ ಬರೋಣ. ಇಲ್ಲಿ ಹಣಕ್ಕೆ ಬರವಿರಲಿಲ್ಲ, ಕುಶಲಿಗಳಿಗೂ ಬರವಿರಲಿಲ್ಲ. ಗಿರಣಿಗಳ ದುರಸ್ತಿಯ ಸಾಲೆಗಳಲ್ಲಿಯೂ ಪರಳದ ರೈಲ್ವೆ ಕಾರ್ಖಾನೆಯಲ್ಲಿಯೂ ಒಳ್ಳೆಯ ಫಿಟ್ಟರುಗಳು, ಟರ್ನರುಗಳು ತಯಾರಾದರು. ಕೊರತೆಯಿದ್ದುದು ಬೇರೆ ಕಡೆಯಲ್ಲಿ. ಗಿರಣಿಗಳನ್ನು ನಡೆಸುತ್ತಿದ್ದ ಮ್ಯಾನೇಜಿಂಗ್ ಏಜೆಂಟರು ಆರಂಭದ ಕಾಲದಲ್ಲಿ ತಯಾರಾದ ಸರಕಿನ ಪೌಂಡಿಗೆ ಕಾಲಾಣೆಯಂತೆ ಕಮಿಷನ್ ಪಡೆಯುತ್ತಿದ್ದರು. ಗಿರಣಿಗೆ ಲಾಭವಾಗಲಿ ನಷ್ಟವಾಗಲಿ, ಕಾಲಾಣೆ ಕಾಲಾಣೆಯೇ. ಯಂತ್ರಗಳನ್ನು ತರಿಸುವುದರಲ್ಲಿಯೂ ಹಲವು ಏಜೆಂಟರಿಗೆ ಕಮಿಷನ್ ದೊರೆಯುತ್ತಿತ್ತು. ಲ್ಯಾಂಕಾಶೈರಿನಿಂದ ಯಂತ್ರ ತರಿಸಿದರೆ ಲಾಭ ಬರುವವನು ಅದನ್ನು ಇಲ್ಲಿಯೇ ಮಾಡಿಸುವ ಗೋಜಿಗೆ ಏಕೆ ಹೋದಾನು? ಇದನ್ನು ದೇಶಭಕ್ತಿಯ ಅಭಾವವೆಂದು ನಾನು ಎಣಿಸುವುದಿಲ್ಲ. ಲೆಕ್ಕದ ಪುಸ್ತಕ ಎತ್ತ ತೋರಿಸಿತೋ ಬಂಡವಾಳ ಅತ್ತ ನಡೆಯಿತು.

ಇದರ ಭಾರ ಕೊನೆಗೆ ಬಿದ್ದುದು ಕೆಲಸಗಾರನ ಮೇಲೆ. ನೂಲು ಮುಗಿದ ಲಾಳಿಗೆ ತಾನೇ ಹೊಸ ಕಂಡಿಕೆಯನ್ನು ತುಂಬಿಕೊಳ್ಳುವ ನಾರ್ತ್ರೊಪ್ ಮಗ್ಗ 1890ರ ದಶಕದಲ್ಲಿಯೇ ಅಮೆರಿಕದಲ್ಲಿ ಬಂದಿತ್ತು. ಮುಂಬಯಿಯ ಗಿರಣಿಗಳು 1920ರ ದಶಕದಲ್ಲಿ ಖರ್ಚು ಇಳಿಸಲು ಹೊರಟಾಗ ಬಹುಮಟ್ಟಿಗೆ ಹಳೆಯ ಮಗ್ಗಗಳನ್ನೇ ಇಟ್ಟುಕೊಂಡು, ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ನೇಕಾರನಿಗೆ ಮೂರನ್ನು ವಹಿಸಿದುವು. ಯಂತ್ರಕ್ಕೆ ಹೊಸ ಕೈ ಬರಲಿಲ್ಲ. ಮನುಷ್ಯನ ಎರಡೇ ಕೈಗಳಿಗೆ ಹೊರೆ ಹೆಚ್ಚಿತು. 1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ನಡೆದ ಮಹಾಮುಷ್ಕರದ ಹಿಂದೆ ಇದ್ದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಅದನ್ನು ಯಂತ್ರದ್ವೇಷವೆಂದು ಕರೆಯುವವರು ಈ ಭೇದವನ್ನು ಗಮನಿಸಿದಂತಿಲ್ಲ.

ಈ ನಗರದಲ್ಲಿಯೇ, 1890ರ ದಶಕದಲ್ಲಿ, ಬೈಕುಲ್ಲಾದಲ್ಲಿದ್ದ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರರಚನೆಯ ಚಿತ್ರಗಳನ್ನು ಬರೆಯಲು ಕಲಿಸುತ್ತಿದ್ದ ಒಬ್ಬ ತರುಣ ಉಪಾಧ್ಯಾಯರಿದ್ದರು. ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರು ಹುಟ್ಟಿದುದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಹುಟ್ಟಿದೂರು ಕನ್ನಡದ್ದು. ಅವರನ್ನು ಯಾರ ಖಾತೆಗೆ ಬರೆಯಬೇಕೆಂಬ ಜಗಳ ಇಲ್ಲಿ ಬೇಡ. ಚಿತ್ರಕಾರರಾಗಬೇಕೆಂದು ಜೆ. ಜೆ. ಕಲಾಶಾಲೆಗೆ ಬಂದವರು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತಿಳಿಯದೆಂದು ಗೊತ್ತಾದ ಮೇಲೆ, ಬಣ್ಣದ ಹಂಗಿಲ್ಲದ ಯಂತ್ರಚಿತ್ರಕ್ಕೆ ಹೊರಳಿದರು. ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡತಿ ಆಂಗ್ಲೋ-ಇಂಡಿಯನ್ನರೊಬ್ಬರ ಪಾಲಾದಾಗ ರಾಜೀನಾಮೆಯಿತ್ತು ಬೆಳಗಾವಿಗೆ ಹಿಂದಿರುಗಿದರು. ಅಲ್ಲಿ ಸಹೋದರನ ಸೈಕಲ್ ಅಂಗಡಿ ಆಗಲೇ ನಡೆಯುತ್ತಿತ್ತು. ಅದರೊಡನೆ ಮೇವು ಕತ್ತರಿಸುವ ಯಂತ್ರ, ಅನಂತರ ಕಬ್ಬಿಣದ ನೇಗಿಲು ಹುಟ್ಟಿದುವು. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುವುದೆಂದು ರೈತರು ಹೆದರಿದ್ದರಿಂದ ಮೊದಲ ನೇಗಿಲುಗಳು ಬಹುಕಾಲ ಮಾರಾಟವಾಗದೆ ಬಿದ್ದಿದ್ದುವು.

ನೇಗಿಲಿಗೂ ಲೇತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಊರ ಬಡಗಿ ಮಾಡಿದ ಮರದ ರಂಟೆ ಮುರಿದರೆ ಅವನೇ ತಿದ್ದಿಕೊಡುತ್ತಾನೆ. ಕಾರ್ಖಾನೆಯ ನೇಗಿಲಿನ ಗುಳ ಸವೆದರೆ ನೂರು ಮೈಲಿಗಳಾಚೆಯಿಂದ ಬಂದ ಬದಲಿ ಗುಳ ಅದೇ ತೂತಿಗೆ, ಅದೇ ತಿರುಪಿಗೆ ಕೂಡಬೇಕು. ಒಂದೇ ಅಳತೆಯ ಸಾವಿರ ಗುಳಗಳನ್ನು ಕೈಯ ಅಂದಾಜಿನಿಂದ ಮಾಡುವುದು ಸಾಧ್ಯವಿಲ್ಲ. ತೂತು ಕೊರೆಯುವಾಗ ಗುಳವನ್ನು ಪ್ರತಿಸಲವೂ ಅದೇ ಭಂಗಿಯಲ್ಲಿ ಹಿಡಿಯುವ ಚೌಕಟ್ಟು ಬೇಕು. ಪೋರ್ಟ್ಸ್‌ಮತ್ತಿನ ಪಾಠ ನಮ್ಮ ನೆಲದಲ್ಲಿ ಮರುಹುಟ್ಟು ಪಡೆದುದು ರಾಟೆಯಲ್ಲಲ್ಲ, ನೇಗಿಲಿನಲ್ಲಿ. ಬೆಳಗಾವಿಯ ಜಾಗವನ್ನು ಬಿಡಬೇಕಾಗಿ ಬಂದಾಗ ಔಂಧದ ಅರಸರು ನೆಲವಿತ್ತರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಯುದ್ಧದಿಂದ ಪರದೇಶದ ಯಂತ್ರಗಳು ದುರ್ಲಭವಾಗಿದ್ದಾಗ, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರ್ ಕಿರ್ಲೋಸ್ಕರ್ ಕಂಪನಿ ಲೇತುಗಳ ತಯಾರಿಕೆಗೆ ನಿಂತಿತು.

ಮುಂದಿನದು ಬಹುಮಟ್ಟಿಗೆ ತಿಳಿದ ವಿಷಯ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯೊಡನೆ 1949ರಲ್ಲಿ ಆದ ಒಪ್ಪಂದದ ಫಲವಾಗಿ 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪಿತವಾಯಿತು. 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್, 1962ರಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದ ಕೇಂದ್ರ ಯಂತ್ರೋಪಕರಣ ಸಂಸ್ಥೆ ಬಂದುವು. ಅಷ್ಟರಲ್ಲಿ ಹೊರಜಗತ್ತಿನಲ್ಲಿ ಸ್ಪೆನ್ಸರನ ಉರುಳೆಗೆ ಬದಲಾಗಿ ತೂತು ಹೊಡೆದ ಪಟ್ಟಿ ಬಂದಿತ್ತು: 1952ರಲ್ಲಿ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅಂಕಿಗಳ ಆಜ್ಞೆಯಂತೆ ಕೊರೆಯುವ ಯಂತ್ರವನ್ನು ಪ್ರದರ್ಶಿಸಿದರು. 1961ರಲ್ಲಿ ಜಾರ್ಜ್ ಡೆವೊಲ್‌ನ ಯಂತ್ರಬಾಹು ಯೂನಿಮೇಟ್ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕಾದ ಎರಕಗಳನ್ನು ಎತ್ತಿಡತೊಡಗಿತು.

ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಬೈಕುಲ್ಲಾದ ತಾಂತ್ರಿಕ ಸಂಸ್ಥೆ 1923ರಲ್ಲಿಯೇ ಮಾಟುಂಗಕ್ಕೆ ಸ್ಥಳಾಂತರಗೊಂಡಿದೆ. ನಮ್ಮಲ್ಲಿ ಹಲವರು ಅದರ ಮುಂದೆ ದಿನವೂ ಹಾದುಹೋಗುತ್ತೇವೆ. ಭಾರತದಲ್ಲಿ ತಯಾರಾಗುವ ಯಂತ್ರೋಪಕರಣಗಳಲ್ಲಿ ದೊಡ್ಡ ಪಾಲು ಇಂದು ಕರ್ನಾಟಕದ್ದು. ಪೀಣ್ಯದ ಸಾಲೆಗಳಲ್ಲಿ ಲೇತಿನ ಪೀಠ, ಉಳಿಯ ಗೋಪುರ, ಸಲಾಕೆಯನ್ನೊಡ್ಡುವ ಕೈ ಎಲ್ಲವೂ ಸಿದ್ಧವಾಗುತ್ತವೆ. ಅವುಗಳಿಗೆ ಆಜ್ಞೆಯೀಯುವ ಅಂಕಿಪೆಟ್ಟಿಗೆ ಮಾತ್ರ ಬಹುಮಟ್ಟಿಗೆ ಜಪಾನಿನ ಫಾನುಕ್‌ನದು, ಇಲ್ಲವೆ ಜರ್ಮನಿಯ ಸೀಮೆನ್ಸ್‌ನದು.