ನಲಿ ಕಲಿ ಕೋಣೆಯಿಂದ ಕಸದ ಬುಟ್ಟಿಯವರೆಗೆ: ಶಾಲೆಯ ಓರಣ ಮತ್ತು ಶಿಕ್ಷಕರ ಅಧಿಕಾರ

ಕೆಲಸದ ಜಾಗವನ್ನು ಅಚ್ಚುಕಟ್ಟಾಗಿಡುವ ಚರ್ಚೆ ಬಂದಾಗಲೆಲ್ಲ ಜಪಾನಿನ ಕಾರ್ಖಾನೆಗಳ ‘ಫೈವ್ ಎಸ್’ ಪದ್ಧತಿಯನ್ನು ಉದಾಹರಿಸುವುದುಂಟು. ಬೇಡದ್ದನ್ನು ತೆಗೆಯುವುದು, ಬೇಕಾದ್ದಕ್ಕೆ ಜಾಗ ಗೊತ್ತುಮಾಡುವುದು, ಶುಚಿಗೊಳಿಸುವುದು, ಈ ಕ್ರಮವನ್ನು ನಿಯಮವಾಗಿಸುವುದು, ರೂಢಿಯಾಗಿ ಉಳಿಸಿಕೊಳ್ಳುವುದು ಅದರ ಐದು ಹಂತಗಳು. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಇದು ತೀರ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ ಕಲಿ ಬೋಧನಾ ಪದ್ಧತಿಯಲ್ಲಿ ಕಲಿಕಾ ಕಾರ್ಡುಗಳನ್ನು ಗುರುತಿನ ಚಿತ್ರಗಳ ಪ್ರಕಾರ ಟ್ರೇಗಳಲ್ಲಿ ಜೋಡಿಸಿಡುತ್ತಾರೆ. ಮಗು ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿ ತರುತ್ತದೆ, ಮುಗಿದ ಮೇಲೆ ಅಲ್ಲೇ ಇಡುತ್ತದೆ. ಆರೇಳು ವರ್ಷದ ಮಕ್ಕಳು ಇದನ್ನು ಸಲೀಸಾಗಿ ಮಾಡುವುದಕ್ಕೆ ಕಾರಣ, ಯಾವುದು ಎಲ್ಲಿರಬೇಕೆಂದು ಶಿಕ್ಷಕರೇ ನಿರ್ಧರಿಸಿರುವುದು. ಓರಣವೂ ಅಲ್ಲಿ ಬೋಧನೆಯ ಭಾಗ.

ಅದೇ ಶಾಲೆಯ ಉಗ್ರಾಣದಲ್ಲಿ ಮಾತ್ರ ಈ ಅಧಿಕಾರ ಶಿಕ್ಷಕರ ಕೈಯಲ್ಲಿಲ್ಲ. ಕಾಲು ಮುರಿದ ಬೆಂಚು, ಕೆಟ್ಟ ಕಂಪ್ಯೂಟರ್, ಗೆದ್ದಲು ಹಿಡಿದ ನಕ್ಷೆ ಎಲ್ಲವೂ ದಾಸ್ತಾನು ವಹಿಯಲ್ಲಿ ದಾಖಲಾದ ವಸ್ತುಗಳೇ. ಮುಖ್ಯ ಶಿಕ್ಷಕರು ವರ್ಗವಾದಾಗ ಅವನ್ನೆಲ್ಲ ಲೆಕ್ಕಹಾಕಿ ಚಾರ್ಜ್ ಕೊಡಬೇಕು. ಅನುಮತಿಯಿಲ್ಲದೆ ಗುಜರಿಗೆ ಹಾಕಿದರೆ ಲೆಕ್ಕ ತಪಾಸಣೆಯಲ್ಲಿ ಉತ್ತರಿಸಬೇಕಾದವರೂ ಅವರೇ. ಹೀಗಾಗಿ ಬೇಡದ್ದನ್ನು ತೆಗೆಯುವ ಮೊದಲ ಹಂತದಲ್ಲೇ ಕೆಲಸ ನಿಂತುಬಿಡುತ್ತದೆ. ಇದನ್ನು ಶಿಕ್ಷಕರ ಸೋಮಾರಿತನ ಎನ್ನುವುದು ಅನ್ಯಾಯ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಕಂಪ್ಯೂಟರುಗಳು ನೋಂದಾಯಿತ ಮರುಬಳಕೆದಾರರಿಗೇ ತಲುಪಬೇಕು. ಹಳ್ಳಿಯ ಶಾಲೆಯೊಂದು ಇದನ್ನು ತಾನೊಂದೇ ಮಾಡಲಾರದು. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯೇ ವರ್ಷಕ್ಕೊಮ್ಮೆ ಶಾಲೆಗಳಿಂದ ಅವನ್ನು ಸಂಗ್ರಹಿಸಿ, ವಹಿಯಿಂದ ತೆಗೆದುಹಾಕುವ ವ್ಯವಸ್ಥೆ ಮಾಡಬೇಕು.

ದಿನದ ಕಸದ ವಿಷಯದಲ್ಲಿ ಶಿಕ್ಷಕರಿಗೆ ಹೆಚ್ಚಿನ ಸ್ವಾತಂತ್ರ್ಯವಿದೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರಲ್ಲಿ ಬಂದ ಕ್ಷೀರ ಭಾಗ್ಯದ ಹಾಲು, ಆಮೇಲೆ ಸೇರಿಕೊಂಡ ಮೊಟ್ಟೆ, ಬಾಳೆಹಣ್ಣು ಇವೆಲ್ಲ ಮಕ್ಕಳ ಹಸಿವು ನೀಗಿಸಿವೆ. ಶಾಲೆಯ ಕಸದ ಸ್ವರೂಪವನ್ನೂ ಬದಲಿಸಿವೆ. ಮೊಟ್ಟೆಯ ಸಿಪ್ಪೆ, ಬಾಳೆಸಿಪ್ಪೆ, ತರಕಾರಿ ತೊಟ್ಟು ಹಸಿ ಕಸ. ಹಾಲಿನ ಪುಡಿಯ ಪೊಟ್ಟಣ ಒಣ ಕಸ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಹುಟ್ಟುವಲ್ಲೇ ಬೇರ್ಪಡಿಸಬೇಕೆಂದವು. ಶಾಲೆಯಲ್ಲಿ ಕಸ ಹುಟ್ಟುವುದು ಊಟದ ಸಾಲಿನ ಕೊನೆಯಲ್ಲಿ, ಮಕ್ಕಳು ತಟ್ಟೆ ತೊಳೆಯುವ ನಲ್ಲಿಯ ಬಳಿ. ಬುಟ್ಟಿ ಇರಬೇಕಾದದ್ದು ಅಲ್ಲಿ, ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲಲ್ಲಲ್ಲ. ಅಡುಗೆ ಸಿಬ್ಬಂದಿಯೊಡನೆ ಕೂತು ಮಾತಾಡಿ ಜಾಗ ಗೊತ್ತುಮಾಡುವ ಶಿಕ್ಷಕಿ ಗೋಡೆಯ ಮೇಲಿನ ಹತ್ತು ಘೋಷಣೆಗಳಿಗಿಂತ ಹೆಚ್ಚು ಸಾಧಿಸುತ್ತಾರೆ. ಹಸಿ ಕಸ ಅಂಗಳದ ಗುಂಡಿಯಲ್ಲೇ ಗೊಬ್ಬರವಾಗಿ ನುಗ್ಗೆಗೂ ಕರಿಬೇವಿಗೂ ಸಲ್ಲಬಲ್ಲದು. ಹೆಣ್ಣುಮಕ್ಕಳು ಬಳಸಿದ ಸ್ಯಾನಿಟರಿ ಪ್ಯಾಡಿನ ವಿಲೇವಾರಿಗೂ ಇಷ್ಟೇ ಯೋಚನೆ ಬೇಕು. ಸರ್ಕಾರದ ಶುಚಿ ಯೋಜನೆ ಪ್ಯಾಡ್ ಕೊಟ್ಟಿತು. ಶೌಚಾಲಯದೊಳಗೆ ಮುಚ್ಚಳವಿರುವ ಬುಟ್ಟಿ ಇಲ್ಲದ ಕಡೆ ಹುಡುಗಿಯರು ಅದನ್ನು ಚೀಲದಲ್ಲಿ ಅಡಗಿಸಿ ಮನೆಗೊಯ್ಯಬೇಕಾಗುತ್ತದೆ.

ಇನ್ನು ಗುಡಿಸುವವರು ಯಾರು? ಮಕ್ಕಳು ತಾವು ಕೂರುವ ಜಾಗವನ್ನು ತಾವೇ ಗುಡಿಸಿಕೊಳ್ಳುವ ಜಪಾನಿನ ರೂಢಿಯನ್ನು ಹಲವರು ಮೆಚ್ಚುತ್ತಾರೆ. ಆದರೆ ಪೊರಕೆಗೆ ಜಾತಿಯನ್ನೂ ಲಿಂಗವನ್ನೂ ಅಂಟಿಸಿದ ಸಮಾಜ ನಮ್ಮದು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಪ್ರಕರಣ ಬಯಲಾಯಿತು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಬಂದು ಹತ್ತು ವರ್ಷವಾಗಿತ್ತು. ಆದ್ದರಿಂದ ಇಲ್ಲಿ ಸರದಿಯ ಪಟ್ಟಿ ಬರೆಯುವ ಶಿಕ್ಷಕರ ಮೇಲೆ ನೈತಿಕ ಹೊಣೆ ದೊಡ್ಡದು. ತರಗತಿ ಗುಡಿಸುವ ಸರದಿ ಹುಡುಗರಿಗೂ ಹುಡುಗಿಯರಿಗೂ ಹಾಜರಿ ಪುಸ್ತಕದ ಕ್ರಮದಲ್ಲೇ ಬರಬೇಕು, ಶಿಕ್ಷಕರ ಹೆಸರೂ ಅದರಲ್ಲಿರಬೇಕು. ಶೌಚಾಲಯದ ಕೆಲಸ ಯಾವ ಮಗುವಿನ ಪಾಲಿಗೂ ಬರಕೂಡದು. ಅದಕ್ಕೆ ನ್ಯಾಯವಾದ ಸಂಬಳ, ಕೈಗವಸು, ಸಲಕರಣೆ ಕೊಟ್ಟು ಸಿಬ್ಬಂದಿಯನ್ನು ನೇಮಿಸುವುದು ಸರ್ಕಾರದ ಹೊಣೆ.